ಬಂಗುಡೆಯನ್ನು ಓಡಿಸುವ ಸುಂದರಿಯಕ್ಕ

2025ರ ಜನವರಿ 18, ಶನಿವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ಕಾಪು ಕಡಲ ತೀರದಲ್ಲಿ ಉಪ್ಪು ಹಾಕಿದ ಬಂಗುಡೆ ಮೀನೊಂದು ಬಸ್ಸು ಹಿಡಿಯಲು ಓಡುತ್ತಿದೆ. ಚಾಪೆಯ ಮೇಲೆ ಮಲಗಿಸಿದ ಬಸ್ಸು ರಟ್ಟಿನದು, ಕಂಡಕ್ಟರ್ ಒಣಗಿದ ಏಡಿ. ಬಂಗುಡೆಯನ್ನು ಓಡಿಸುತ್ತಿರುವುದು ಸುಂದರಿಯವರ ಎರಡು ಬೆರಳು. ಕೂದಲೆಳೆಯಷ್ಟು ಸರಿಸಿ ಕೈ ಹಿಂದೆಗೆಯುತ್ತಾರೆ. ಮೇಲೆ ಕಟ್ಟಿದ ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ. ಇಂಥ ಹನ್ನೆರಡು ಸೇರಿದರೆ ಪರದೆಯ ಮೇಲೆ ಒಂದು ಸೆಕೆಂಡು.

ಐವತ್ತೆಂಟರ ಸುಂದರಿ ಮೀನು ಒಣಗಿಸಿ ಮಾರುವವರು. ಮಣಿಪಾಲದ ಜಿತೇಶ್ ತಲೆಬುಡವಿಲ್ಲದ ತಮಾಷೆಯ ಕಿರುಚಿತ್ರಗಳನ್ನು ಮಾಡುವವರು. ಒಮ್ಮೆ ಒಣಮೀನು ಕೊಳ್ಳಲು ಬಂದು, ಮೀನು ಮಗುಚುವ ಈ ಬೆರಳುಗಳ ಚಳಕ ಕಂಡರು. ಅಂದಿನಿಂದ ಅವರ ಚಿತ್ರಗಳಲ್ಲಿ ಕುಣಿಯುವ ಮೀನುಗಳೆಲ್ಲ ಇವರ ಕೈಯವು. ನೋಡಿದವರು ಹೊಟ್ಟೆ ಹಿಡಿದು ನಗುತ್ತಾರೆ. ಕುಣಿಸಿದ್ದು ಯಾರೆಂದು ಕೇಳುವುದಿಲ್ಲ. ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಸಂಪಾದನೆಯೂ ಇಲ್ಲ. ಆಗ ಜಗಲಿಯಲ್ಲಿ ಚಿಪ್ಪುಗಳನ್ನು ನಡೆಸಿ ಕೈ ಪಳಗಿಸುತ್ತಾರೆ. “ಮೊಣಗಂಟು ನೋವು ಉಂಟು. ನಗುವಾಗ ಮರೆತು ಹೋಗ್ತದೆ ಅಲ್ವಾ!”

ಇವತ್ತು ಕೊನೆಯ ದೃಶ್ಯ. ಬೆಟ್ಟ ನೋಡಲು ಕಾರ್ಕಳಕ್ಕೆ ಹೊರಟ ಬಂಗುಡೆ, ಬಾಯಿ ತೆರೆದು “ಅರ್ಧ ಟಿಕೆಟ್” ಅನ್ನಬೇಕು. ಬಿಸಿಲೇರಿ ದವಡೆ ಗಟ್ಟಿಯಾದರೆ ಬಾಯಿ ತೆರೆಯದು, ಚಿತ್ರ ಮುಗಿಯದು. ಬೇರೆ ಮೀನು ಹಾಕುವಂತಿಲ್ಲ. ಈವರೆಗೆ ತೆಗೆದದ್ದರಲ್ಲೆಲ್ಲ ಬಾಲ ಹರಿದ ಈ ಬಂಗುಡೆಯೇ ಇದೆ.

ಎಂಟೂವರೆಗೆ ಅನಾಹುತ. ಅದೇ ಚಾಪೆಯಲ್ಲಿ ಒಣಗುತ್ತಿರುವ ಉಳಿದ ಮೀನುಗಳನ್ನು ಮಗುಚುವ ಹೊತ್ತು. ಸಾಲಾಗಿ ಮಗುಚುತ್ತ ಬಂದ ಸುಂದರಿ, ಅಭ್ಯಾಸಬಲದಿಂದ ನಾಯಕನನ್ನೂ ಮಗುಚಿಬಿಡುತ್ತಾರೆ! ಕ್ಯಾಮೆರಾದಲ್ಲಿ ಬಂಗುಡೆ ಈಗ ಬೆನ್ನು ಕೆಳಗೆ, ಹೊಟ್ಟೆ ಮೇಲೆ.

“ಅಯ್ಯೋ ಅಕ್ಕ, ಎಂತ ಮಾಡಿದಿರಿ!” ಜಿತೇಶ್ ತಲೆ ಹಿಡಿದುಕೊಳ್ಳುತ್ತಾರೆ.

“ಬೊಬ್ಬೆ ಹಾಕಬೇಡ ಮಾರಾಯ. ಮಗುಚಿದ್ದು ಕೈ, ನಾನಲ್ಲ.”

“ಮೊದಲಿನ ಹಾಗೆ ಕೂರಿಸಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ದವಡೆ ಹೋಯ್ತು!”

“ಕೂರಿಸುವುದು ಯಾಕೆ? ಶನಿವಾರದ ಬಸ್ಸು, ಒಳಗೆ ರಶ್ಶು. ಯಾರೋ ನೂಕಿದರು, ಇದು ಮಗುಚಿ ಬಿತ್ತು. ಬಿದ್ದಲ್ಲಿಂದಲೇ ಟಿಕೆಟ್ ಕೇಳಲಿ.”

ಜಿತೇಶ್ ನಕ್ಕು ನಕ್ಕು ಮರಳಲ್ಲಿ ಕುಸಿಯುತ್ತಾರೆ. ಬರೆದಿಟ್ಟಿದ್ದ ದೃಶ್ಯಕ್ಕಿಂತ ಇದೇ ಚೆಂದ! ಮತ್ತೆ ಚಿತ್ರೀಕರಣ ಶುರು.

ಸುಂದರಿ ತೆಂಗಿನ ಕಡ್ಡಿಯನ್ನು ದವಡೆಗೆ ತಾಗಿಸುತ್ತಾರೆ. ಅದು ಆಗಲೇ ಬಿಗಿಯುತ್ತಿದೆ. ಒಂದಿಷ್ಟು ಎತ್ತುತ್ತಾರೆ, ಚಿತ್ರ, ಇನ್ನೊಂದಿಷ್ಟು, ಚಿತ್ರ. ಕಣ್ಣೆತ್ತದೆಯೇ ಹೇಳುತ್ತಾರೆ: “ಮಗುಚಿದ್ದು ನನ್ನ ಐಡಿಯಾ. ಈ ಸಲ ಚಿತ್ರದ ಕೊನೆಗೆ ಬಂಗುಡೆಯ ಹೆಸರಿನ ಕೆಳಗೆ ನನ್ನದೂ ಹಾಕು ಮಗಾ. ಸಣ್ಣ ಅಕ್ಷರವಾದರೂ ಅಡ್ಡಿಲ್ಲ.”

“ದೊಡ್ಡದಾಗಿಯೇ ಹಾಕ್ತೇನೆ ಅಕ್ಕ.”

ಒಂಬತ್ತಕ್ಕೆ ಕಡ್ಡಿ ಹೊರಬರುತ್ತದೆ. ಜಿತೇಶ್ ಸ್ಕೇಲ್ ಇಟ್ಟು ನೋಡುತ್ತಾರೆ. ಬಂಗುಡೆಯ ಬಾಯಿ ತೆರೆದದ್ದು ಎಂಟು ಮಿಲಿಮೀಟರ್. “ಅರ್ಧ ಟಿಕೆಟ್” ಅನ್ನಲು ಅಷ್ಟು ಸಾಕು.