ಮಾತಾಡಿಸಿದ ಮರಳುಗಲ್ಲು

ಚಾಮರಾಜನಗರದಲ್ಲಿ ಕಟ್ಟಿಸಿದ ಪುಟ್ಟ ಮನೆಗೆ ‘ನೆಮ್ಮದಿ’ ಎಂದು ಹೆಸರಿಟ್ಟು, ಅದನ್ನು ನಮ್ಮೂರಿನ ಕರಿಕಲ್ಲಿನಲ್ಲಿ ಕೆತ್ತಿಕೊಡೆಂದು ಅದೇ ಬೀದಿಯ ಕಲ್ಲುಕೆತ್ತುವ ಗೆಳೆಯ ಸಲೀಮನಿಗೆ ಹೇಳಿದ್ದೆ. ಗೃಹಪ್ರವೇಶದ ದಿನ ಬಂದ ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮಕಾರದ ಕೆಳಗಿನ ಒತ್ತು ಮಾತ್ರ ಬಂದಿರಲಿಲ್ಲ. ಕನ್ನಡ ಮೇಷ್ಟರಾದ ನನಗೆ ನಾಲಿಗೆ ತುರಿಸಿತು. ನೆಂಟರಿಷ್ಟರ ಮುಂದೆಯೇ, “ಒತ್ತು ಬರದವನು ಉಳಿ ಯಾಕಪ್ಪ ಹಿಡೀಬೇಕು?” ಎಂದುಬಿಟ್ಟೆ. ಎಲ್ಲರೂ ನಕ್ಕರು. ಸಲೀಮ ಊಟಕ್ಕೂ ನಿಲ್ಲದೆ ಹೊರಟುಹೋದ. ಆಮೇಲೆ ಮೂರು ವರ್ಷ, ಬೀದಿಯಲ್ಲಿ ಎದುರಾದಾಗಲೆಲ್ಲ ಇಬ್ಬರಿಗೂ ಆಕಾಶದಲ್ಲಿ ಏನೋ ನೋಡುವ ಕೆಲಸವಿರುತ್ತಿತ್ತು.

ಹೀಗಿರಲು ಬೀದಿಯವರೆಲ್ಲ ಸೇರಿ ಬಾದಾಮಿ, ಐಹೊಳೆಗೆ ಬಸ್ಸು ಮಾಡಿದರು. ಸೀಟು ಹಂಚಿದ ಪುಣ್ಯಾತ್ಮ ನಮ್ಮಿಬ್ಬರನ್ನು ಒಟ್ಟಿಗೇ ಕೂರಿಸಿದ. ರಾಜ್ಯದ ಈ ತುದಿಯಿಂದ ಆ ತುದಿಯವರೆಗೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಮೌನವಾಗಿರುವುದು ಎಂಥ ತಪಸ್ಸೆಂದು, ಮಿತ್ರರೇ, ನಿಮಗೆ ಹೇಗೆ ಹೇಳಲಿ!

ಐಹೊಳೆಯಲ್ಲಿ ಮೇಗುತಿ ಬೆಟ್ಟ ಹತ್ತಿದೆವು. ಕೆಂಪು ಬಂಡೆಗಳು ಕೋಟೆಗೋಡೆಯಂತೆ ಕಡಿದಾಗಿ ನಿಂತಿದ್ದವು. ದೂರದ ಹಸಿರು ಬಯಲಿನಲ್ಲಿ ಮಲಪ್ರಭೆ ಯಾರ ಹಂಗೂ ಇಲ್ಲದೆ ಹೊರಳುತ್ತಿದ್ದಳು. ಎಲ್ಲರೂ ಹೊಳೆ ನೋಡುತ್ತಿದ್ದರೆ ಸಲೀಮ ಬಂಡೆಯನ್ನು ಅಂಗೈಯಿಂದ ಉಜ್ಜಿದ, ಮೂಸಿದ, ಆಮೇಲೆ ಸುತ್ತ ನೋಡಿದ. ಹತ್ತಿರವಿದ್ದವನು ನಾನೊಬ್ಬನೇ.

“ಮೇಷ್ಟ್ರೇ, ಇಲ್ ಬನ್ನಿ! ಇದ್ನ ಕಲ್ಲು ಅಂತಾರಾ? ಮರಳು ಕಣಿ! ಉಜ್ಜುದ್ರೆ ಉದುರ್ತದೆ. ನಮ್ ಕರಿಕಲ್ಲಾದ್ರೆ ಉಳಿನೇ ಮುರ್ದಾಕ್ಬುಡ್ತದೆ!”

ಬೆರಗು ದೊಡ್ಡದಾದಾಗ ಬಿಗುಮಾನಕ್ಕೆ ಜಾಗ ಸಾಲುವುದಿಲ್ಲ. ಕೇಳುವ ಕಿವಿಯೊಂದಿದ್ದರೆ ಸಾಕು, ಅದು ಹಗೆಯದಾದರೂ ಸರಿ. ನಾನೂ ಉಜ್ಜಿದೆ, ಅಂಗೈ ಕೆಂಪಾಯಿತು.

“ಸಲೀಮ, ಅವತ್ತು ಎಲ್ಲರ ಮುಂದೆ ಹಾಗಂದದ್ದು ತಪ್ಪಾಯ್ತು ಕಣಪ್ಪ.”

ಅವನು ಅಂಗೈಯ ಮರಳು ಕೊಡವಿಕೊಂಡ. “ತಪ್ಪು ಕೆತ್ತಿದ್ದು ನಾನೇ ಬುಡಿ. ಒಳಕ್ ಕರ್ದು ಏಳಿದ್ರೆ ಬ್ಯಾರೆ ಕಲ್ಲು ಕೆತ್ತಿ ತಂದ್ಕೊಡ್ತಿದ್ದೆ.”



ಇಳಿಯುವಾಗ ನಾನೊಮ್ಮೆ ಎಡವಿದ್ದು ಕಂಡು ಅವನು ಮುಂದೆ ಬಂದ. “ನನ್ ಹೆಗಲು ಇಡ್ಕಳಿ,” ಎಂದ. ನಾಲ್ಕು ಮೆಟ್ಟಿಲು ಇಳಿದ ಮೇಲೆ, ತಿರುಗದೆಯೇ, “ಮಗಳ ಮದ್ವೆ ಆಯ್ತು,” ಎಂದ.

“ಗೊತ್ತು. ಕಿಟಕಿಯಿಂದ ನೋಡಿದೆ.”

“ನಾನೂ ನೋಡ್ದೆ, ನೀವು ಕಿಟಕೀಲಿ ನಿಂತಿದ್ದುದ್ನ. ಈಗ ಅವ್ಳಿಗೊಂದು ಕೂಸದೆ. ಊರ್ಗೋದ್ಮೇಲೆ ಬಂದು ನೋಡಿ.”

ಬೆಟ್ಟದ ಬುಡ ಮುಟ್ಟಿ, ನೆಲ ಸಪಾಟಾಗಿ, ಆಸರೆಯ ಅಗತ್ಯವೇ ಇಲ್ಲದಾದ ಮೇಲೂ ನಾನು ಅವನ ಹೆಗಲಿನಿಂದ ಕೈ ತೆಗೆಯಲಿಲ್ಲ.