ನನ್ನ ಪಾಲಿನ ಸ್ತೋತ್ರ

ನರ್ಸಮ್ಮನ ಬೆರಳ ತುದಿಯಲ್ಲಿ ಚರ್ಮ ನಿಲ್ಲುತ್ತಲೇ ಇರಲಿಲ್ಲ. ಬಿಸಿನೀರು, ಸೋಪು, ಫಿನಾಯಿಲು ಅಂತ ಅದ್ದಿ ಅದ್ದಿ ಬೆಳ್ಳಗೆ ಸುಲಿದುಹೋಗಿತ್ತು. ಆ ಎರಡು ಕೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ದಿನಾ ಸಂಜೆ ನಮ್ಮ ಜಗಲಿಯ ತುದಿಯಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು. ಶಿಡ್ಲಘಟ್ಟದ ಹೆರಿಗೆ ಆಸ್ಪತ್ರೆಯ ನರ್ಸು, ನಮ್ಮ ಪಕ್ಕದ ಮನೆಯವರು. ಊರು ಚಿಂತಾಮಣಿ ಕಡೆ, ಕ್ರೈಸ್ತರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಮನೆಗೂ ಜಗಲಿ ಇತ್ತು, ಆದರೆ ನಮ್ಮದಕ್ಕೆ ಗಾಳಿ ಚೆನ್ನಾಗಿ ಬರುತ್ತದೆ ಅನ್ನುತ್ತಿದ್ದರು.

ನಾನು ದಿಬ್ಬೂರಹಳ್ಳಿಯಿಂದ ಐವತ್ತರ ದಶಕದ ಕೊನೆಗೆ ಆ ಬೀದಿಗೆ ಸೊಸೆಯಾಗಿ ಬಂದವಳು. ರೇಷ್ಮೆ ಹುಳು ಸಾಕುವ ಮನೆ. ನನಗೋ ಹುಟ್ಟಿದಾಗಿನಿಂದ ಎಲ್ಲಕ್ಕೂ ದಿಗಿಲು. ಯಜಮಾನರು ಸೊಪ್ಪು ತರಲು ಹೋಗಿ ತಡವಾದರೆ ದಿಗಿಲು, ಬೇಗ ಬಂದರೆ ಏನಾಯಿತೋ ಅಂತ ಇನ್ನೊಂದು ದಿಗಿಲು. ಎರಡು ಸಲ ಬಸಿರು ನಿಲ್ಲದೆ ಹೋದಮೇಲಂತೂ ಕೇಳಲೇಬೇಡಿ. ಬಾಯಿ ಮಾತ್ರ ಜೋರಾಗಿತ್ತು.

ನರ್ಸಮ್ಮನ ಪ್ರಾರ್ಥನೆ ಪಿಸುಮಾತಿನದು, ಪಕ್ಕದಲ್ಲಿ ಕೂತರೆ ಕೇಳಿಸುತ್ತಿತ್ತು. ಬೇಡಿಕೆ ಬರುವ ಹೊತ್ತಿಗೆ ನನ್ನ ಒಲೆ ಆರಿಹೋಗುತ್ತಿತ್ತು. ಅದಕ್ಕೆ ಮೊದಲು ಬರೀ ಸ್ತೋತ್ರ, ಅಂದರೆ ದೇವರು ಕೊಟ್ಟಿದ್ದಕ್ಕೆಲ್ಲ ವಂದನೆ. ಬಾವಿಯಲ್ಲಿ ನೀರಿದೆ, ಸ್ತೋತ್ರ. ಕುಂಬಾರರ ಸೊಸೆಗೆ ಸುಖವಾಗಿ ಹೆರಿಗೆಯಾಯಿತು, ಸ್ತೋತ್ರ. ಹಲ್ಲುನೋವು ಇವತ್ತು ಕಮ್ಮಿ, ಸ್ತೋತ್ರ. ನಿಮ್ಮ ದೇವರಿಗೆ ಇಷ್ಟು ಪೀಠಿಕೆ ಹಾಕದಿದ್ದರೆ ಕಿವಿ ಕೇಳಿಸುವುದಿಲ್ಲವೇ ಅಂತ ಒಂದು ದಿನ ರೇಗಿಸಿದೆ. ಅವರು ಕಣ್ಣು ಬಿಡದೆಯೇ ನಕ್ಕರು.

"ಅವನಿಗೆಲ್ಲ ಕೇಳ್ಸುತ್ತೆ ತಲ್ಲೀ. ನನಗೆ ಕೇಳ್ಸಲಿ ಅಂತ ಹೇಳ್ಕೊಳ್ಳೋದು. ಕೊಟ್ಟಿರೋದನ್ನ ಒಂದೊಂದಾಗಿ ನೋಡ್ತಾ ಬಂದ್ರೆ, ಕೇಳೋ ಹೊತ್ತಿಗೆ ಎದೆ ಹೊಡ್ಕೊಳ್ಳೋದು ನಿಂತಿರುತ್ತೆ."

ನಮ್ಮತ್ತೆಗೆ ಅನುಮಾನ, ಸೊಸೆಯನ್ನು ಎಲ್ಲಿ ಅವರ ಕಡೆಗೆ ಸೇರಿಸಿಕೊಂಡುಬಿಡುತ್ತಾರೋ ಅಂತ. ಅದಕ್ಕೂ ನರ್ಸಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಯೇಸಪ್ಪನ ಹತ್ತಿರ ತಾನು ಮಾತಾಡುತ್ತೇನೆ, ನೀನು ಸುಮ್ಮನೆ ಪಕ್ಕದಲ್ಲಿ ಕೂತಿದ್ದರೆ ಸಾಕು ಅಂದಿದ್ದರು. ಮೂರನೇ ಬಸಿರಿನ ಒಂಬತ್ತು ತಿಂಗಳೂ ಹಾಗೇ ಕೂತೆ. ಮಗಳು ಹುಟ್ಟಿದಳು, ಅವರ ಕೈಯಲ್ಲೇ.

ಅವಳಿಗೆ ಎರಡು ತುಂಬಿ ಸ್ವಲ್ಪ ದಿನಕ್ಕೆ ಜ್ವರ ಬಂತು, ಗಂಟಲು ಕಟ್ಟಿತು. ಅದೇ ಹೊತ್ತಿಗೆ ಮನೆಯಲ್ಲಿ ಹುಳುಗಳು ಕೊನೆಯ ಸಲ ಪೊರೆ ಬಿಡಲು ಮೇವು ನಿಲ್ಲಿಸಿ, ತಲೆಯೆತ್ತಿಕೊಂಡು ನಿದ್ದೆಗೆ ಕೂತಿದ್ದವು. ಆಗ ಹೊರಗಿನವರು ಒಳಗೆ ಬರಬಾರದು, ಒಗ್ಗರಣೆಯ ಘಾಟು ಕೂಡ ಏಳಬಾರದು. ನರ್ಸಮ್ಮ ಓಡಿಬಂದರೆ ನಮ್ಮತ್ತೆ ಹೊಸ್ತಿಲಲ್ಲೇ ತಡೆದರು. ಫಿನಾಯಿಲಿನ ವಾಸನೆಗೆ ಹುಳುವೆಲ್ಲ ಕೆಡುತ್ತದೆ ಅಂದರು. ನರ್ಸಮ್ಮ ಸೀದಾ ಹಿತ್ತಲಿಗೆ ಹೋಗಿ, ಬಾವಿಯ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡು, ನನ್ನ ಹಳೇ ಸೀರೆ ಉಟ್ಟು ಒಳಗೆ ಬಂದರು. ಟಾರ್ಚು ಹಾಕಿ ಮಗುವಿನ ಗಂಟಲು ನೋಡಿದವರ ಮುಖ ಬದಲಾಯಿತು. ಗಂಟಲಮಾರಿ, ಈಗಲೇ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಹೊರಡಬೇಕು ಅಂದರು.

ಬಸ್ಸಿನಲ್ಲಿ ಮಗು ನನ್ನ ಮಡಿಲಲ್ಲಿತ್ತು. ಒದ್ದೆ ತಲೆಯಲ್ಲೇ ಪಕ್ಕದಲ್ಲಿ ಕೂತ ನರ್ಸಮ್ಮ ಅದರ ಕಾಲು ಹಿಡಿದುಕೊಂಡು ಪಿಸುಗುಟ್ಟುತ್ತಿದ್ದರು. ಬಸ್ಸು ಸಿಕ್ಕಿತು, ಸ್ತೋತ್ರ. ಇನ್ನೂ ಉಸಿರಾಡುತ್ತಿದ್ದಾಳೆ, ಸ್ತೋತ್ರ. ಅಮ್ಮನ ಮಡಿಲಲ್ಲಿದ್ದಾಳೆ, ಸ್ತೋತ್ರ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಮಾತುಗಳನ್ನೇ ಹಿಡಿದುಕೊಂಡು ಕೂತಿದ್ದೆ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಗು ಹೋಯಿತು.

ನಾನು ಅಳಲಿಲ್ಲ. ನರ್ಸಮ್ಮನ ಕಡೆ ತಿರುಗಿ, "ಈಗ ಹೇಳಿ ಸ್ತೋತ್ರ. ಹೇಳಿ, ನೋಡಣ" ಅಂದೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತು, ಉಟ್ಟಿದ್ದ ನನ್ನ ಹಳೇ ಸೀರೆಯ ಸೆರಗನ್ನೇ ಬಾಯಿಗೆ ತುರುಕಿಕೊಂಡು ಅತ್ತರು.

ಆಮೇಲೆ ನಮ್ಮ ಮನೆಯಲ್ಲಿ ಮಗಳ ಹೆಸರು ಯಾರೂ ಎತ್ತಲಿಲ್ಲ. ಹೋದ ಮಗುವಿನ ಮಾತಾಡಿದರೆ ಮುಂದೆ ಹುಟ್ಟುವುದಕ್ಕೆ ಒಳ್ಳೆಯದಲ್ಲ ಅನ್ನುವುದು ನಮ್ಮವರ ನಂಬಿಕೆ. ಅವಳ ಬಟ್ಟೆ, ಬಳೆ, ಎಲ್ಲ ಯಾರೋ ಎತ್ತಿಟ್ಟರು. ಯಜಮಾನರು ನನ್ನ ಮುಖ ನೋಡುವುದನ್ನೇ ಬಿಟ್ಟರು. ನಮ್ಮತ್ತೆ ಮಾತ್ರ ಒಂದು ದಿನ ನರ್ಸಮ್ಮನ ಕೈ ಹಿಡಿದುಕೊಂಡು, ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದ್ದರಿಂದಲೇ ಹೀಗಾಯಿತಾ ಅಂತ ಕೇಳಿದರಂತೆ. ಒಂದು ಸ್ನಾನದ ಹೊತ್ತಿನಲ್ಲಿ ಏನೂ ಬದಲಾಗುತ್ತಿರಲಿಲ್ಲ ಅಂತ ನರ್ಸಮ್ಮ ಹೇಳಿದರಂತೆ. ನಿಜವೋ, ಮುದುಕಿ ಬದುಕಿಕೊಳ್ಳಲಿ ಅಂತ ಹೇಳಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಅವರ ಜೊತೆ ಮಾತು ಬಿಟ್ಟೆ. ಅವರು ಬರುವುದು ಬಿಡಲಿಲ್ಲ. ದಿನಾ ಸಂಜೆ ಅದೇ ತುದಿಯಲ್ಲಿ ಕೂರುತ್ತಿದ್ದರು, ತುಟಿ ಆಡುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಮಳೆಗಾಲ ಕಳೆದು ಅವರೆಕಾಯಿ ಕಾಲ ಬಂತು. ಒಂದು ಸಂಜೆ ತಡೆಯಲಾರದೆ ಹೊರಗೆ ಬಂದು, ಇಷ್ಟು ದಿನ ಏನು ಗೊಣಗುತ್ತೀರಿ, ನನ್ನನ್ನು ಅಣಕಿಸುವುದಕ್ಕಾ ಅಂತ ಜಗಳಕ್ಕೇ ನಿಂತೆ.

"ನಿನ್ನ ಪಾಲಿನ ಸ್ತೋತ್ರ ಹೇಳ್ತಾ ಇದೀನಮ್ಮ," ಅಂದರು. "ನಿನಗೆ ಬಾಯಿ ಬರೋವರ್ಗೂ."

ಯಾತಕ್ಕೆ, ಮಗಳು ಸತ್ತಿದ್ದಕ್ಕಾ ಅಂತ ಕೂಗಿದೆ.

"ಇಲ್ಲಮ್ಮ. ಅದಕ್ಕೆ ನನಗೂ ಬಾಯಿ ಬರಲ್ಲ. ಅವಳು ಹುಟ್ಟಿದಾಗ ಅಳಲಿಲ್ಲ, ಸೀನಿದ್ಲು. ನೆನಪಿದ್ಯಾ? ಅದಕ್ಕೆ."

ಅವರ ಪಕ್ಕಕ್ಕೆ ಹೋದೆ. ಕೂತೆ. ಅವರು ಒಂದೊಂದಾಗಿ ಹೇಳುತ್ತಾ ಹೋದರು. ಹಿಪ್ಪುನೇರಳೆ ಹಣ್ಣು ತಿಂದು ಬಾಯೆಲ್ಲ ನೇರಳೆ ಮಾಡಿಕೊಂಡು ಬಂದಿದ್ದು. ಅವರನ್ನು "ನಚ್ಚಮ್ಮ" ಅಂತ ಕರೆಯುತ್ತಿದ್ದುದು. ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಾ ತಟ್ಟೆಯ ಪಕ್ಕದಲ್ಲೇ ನಿದ್ದೆ ಹೋಗಿದ್ದು. ಅಷ್ಟು ತಿಂಗಳಲ್ಲಿ ನನ್ನ ಮಗಳ ಹೆಸರನ್ನು ಒಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವತ್ತು ನಾನು ಅತ್ತಿದ್ದು ನೋಡಿ, ಹೊಟ್ಟೆಯೊಳಗಿನದೆಲ್ಲ ಬರುವ ಹಾಗೆ. ಅತ್ತು ಮುಗಿದಮೇಲೆ, ಸ್ನಾನ ಮಾಡಿಸುವಾಗ ಅವಳು ನನ್ನ ಮೂಗುತಿ ಎಳೆಯುತ್ತಿದ್ದುದನ್ನು ನಾನೇ ಹೇಳಿದೆ. "ಸ್ತೋತ್ರ" ಅಂದರು ನರ್ಸಮ್ಮ. ಎದೆಯ ಮೇಲಿನ ಕಲ್ಲು ಹೋಗಲಿಲ್ಲ. ಅದನ್ನು ಹೊತ್ತುಕೊಂಡೇ ಉಸಿರಾಡಬಹುದು ಅಂತ ಮಾತ್ರ ಗೊತ್ತಾಯಿತು.

ಆಮೇಲೆ ನನಗೆ ಇಬ್ಬರು ಗಂಡುಮಕ್ಕಳಾದರು. ಅವರಿಗೆ ಮೈ ಬಿಸಿಯಾದಾಗಲೆಲ್ಲ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಆಗ ನರ್ಸಮ್ಮನ ಪಕ್ಕ ಹೋಗಿ ಕೂರುತ್ತಿದ್ದೆ, ಮೊದಲು ಮಗಳ ಮಾತು, ಆಮೇಲೆ ಗಂಡುಮಕ್ಕಳದು. ಎದ್ದು ಹೋಗಿ ಗಂಜಿ ಕಾಯಿಸುವಷ್ಟು ನೆಮ್ಮದಿ ಸಿಗುತ್ತಿತ್ತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಅಲ್ಲಿಯೇ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಬಾಗಿಲಲ್ಲೇ ಬಿದ್ದರಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಯಜಮಾನರು ಕರೆದುಕೊಂಡು ಹೋದರು. ಸಮಾಧಿಯ ಮಣ್ಣು ಇನ್ನೂ ಹಸಿ, ಮೇಲೊಂದು ಮರದ ಶಿಲುಬೆ. ನನ್ನ ಮಗಳ ಮಾತಾಡಲು ಈ ಪ್ರಪಂಚದಲ್ಲಿ ನನಗಿದ್ದ ಒಂದೇ ಜೀವ ಆ ಮಣ್ಣಿನೊಳಗಿತ್ತು.

ನಾನು ಅವರ ದೇವರ ಹತ್ತಿರ ಅಲ್ಲಿಯತನಕ ನೇರವಾಗಿ ಮಾತಾಡಿದವಳಲ್ಲ. ಅವತ್ತು ನೆಲದ ಮೇಲೆ ಕೂತು, ಇವರನ್ನು ನಮ್ಮ ಪಕ್ಕದ ಮನೆಗೆ ಕಳಿಸಿದ್ದಕ್ಕೆ, ನಾನು ಬೈದರೂ ಇವರನ್ನು ನಮ್ಮ ಜಗಲಿಯಿಂದ ಎಬ್ಬಿಸಿಕೊಂಡು ಹೋಗದಿದ್ದಕ್ಕೆ ಅಂತ ನನಗೆ ತೋಚಿದ್ದನ್ನೆಲ್ಲ ಹೇಳಿದೆ. ಬಿಸಿಲೇರಿತು, ಯಜಮಾನರು ಬಸ್ಸಿಗೆ ಹೊತ್ತಾಯಿತು ಅಂದರು. ಏಳುವ ಮುಂಚೆ ಒಂದನ್ನು ಕೇಳಿಕೊಂಡೆ. ಅಲ್ಲಿ ಎಲ್ಲಾದರೂ ನನ್ನ ಮಗು ಒಬ್ಬಳೇ ನಿಂತಿದ್ದರೆ, ನರ್ಸಮ್ಮ ಅವಳನ್ನು ಎತ್ತಿಕೊಳ್ಳಲಿ.