ಹಿರಿಯರು ಏಳುವ ತನಕ

ಹೋದ ವಾರ ಕಪಾಟು ಚೊಕ್ಕಟ ಮಾಡುತ್ತಿದ್ದಾಗ ನೀಲಮ್ಮತ್ತೆಯ ಎಲೆಅಡಿಕೆ ಚೀಲ ಕೈಗೆ ಸಿಕ್ಕಿತು. ಚೊಕ್ಕಟ ಮಾಡುತ್ತಿದ್ದೆ ಎಂಬುದನ್ನು ನೀವು ನಂಬಬೇಕಾಗಿಲ್ಲ. ನನ್ನ ಹೆಂಡತಿಯೂ ನಂಬಲಿಲ್ಲ. ಕನ್ನಡಕ ಹುಡುಕುತ್ತಿದ್ದೆ. ಚೀಲದ ದಾರ ಸಡಿಲಿಸಿದ್ದೇ ತಡ, ಲವಂಗ, ಒಣಗಿದ ಸುಣ್ಣ, ಹಳೆಯ ಬಟ್ಟೆ ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿದು, ಅತ್ತೆ ಪಕ್ಕದಲ್ಲೇ ಬಂದು ಕೂತ ಹಾಗಾಯಿತು. ಒಳಗೆ ಅಡಕತ್ತರಿ ಇತ್ತು, ಸುಣ್ಣದ ಡಬ್ಬಿ ಇತ್ತು, ಜೊತೆಗೆ ಕೆಂಪು ದಾರ ಕಟ್ಟಿದ ಒಂದು ಪ್ಲಾಸ್ಟಿಕ್ ಸೀಟಿ. ಎಂಬತ್ತು ದಾಟಿದ ಹೆಂಗಸಿನ ಎಲೆಅಡಿಕೆ ಚೀಲದಲ್ಲಿ ಡ್ರಿಲ್ ಮೇಷ್ಟ್ರ ಸೀಟಿಗೇನು ಕೆಲಸ ಎನ್ನುತ್ತೀರಾ? ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ನೀಲಮ್ಮತ್ತೆ ನನ್ನ ಅಪ್ಪನ ಅಕ್ಕ. ಶಿವನಿಯಲ್ಲಿ ಹುಟ್ಟಿ ಬೀರೂರಿಗೆ ಸೊಸೆಯಾಗಿ ಬಂದವಳು. ಹೈಸ್ಕೂಲು ಓದಲೆಂದು ತಗಡಿನ ಟ್ರಂಕು ಹೊತ್ತು ಅವಳ ಮನೆ ಸೇರಿದ ನಾನು ಅಲ್ಲೇ ಬೆಳೆದೆ, ಅಲ್ಲಿಂದಲೇ ಮೇಷ್ಟ್ರ ಕೆಲಸಕ್ಕೆ ಹೋದೆ, ಮದುವೆಯಾದ ಮೇಲೂ ಕದಲಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. “ಟ್ರಂಕು ವಾಪಸ್ ತಗಂಡೋಗು ಅಂತ ನಾನೇನು ಯಾವತ್ತೂ ಹೇಳಿಲ್ವಲ್ಲ” ಎನ್ನುತ್ತಿದ್ದಳು. ಅವಳು ನನ್ನ ಮೇಲಿನ ಪ್ರೀತಿಯನ್ನು ಹೇಳಿಕೊಂಡದ್ದು ಅಷ್ಟೇ. ನನಗೆ ಅದು ಸಾಕಾಗಿತ್ತು.

ಮನೆ ರೈಲು ಹಳಿಯ ಪಕ್ಕ. ಗೂಡ್ಸ್ ಗಾಡಿ ಬಂತೆಂದರೆ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳೆಲ್ಲ ಗಿಣಿಗಿಣಿ ಅನ್ನುತ್ತಿದ್ದವು. ಹಾಗಾಗಿ ನೆಲ ಅಲುಗುವುದು ನಮಗೆ ಹೊಸದಲ್ಲ. ಭೂಕಂಪದ ಪಾಠ ಮಾಡುವಾಗಲೂ ನನಗೆ ಭಯವಾದದ್ದಿಲ್ಲ. ಎರಡು ಅಕ್ಕಿರೊಟ್ಟಿ ತಂದು, ಇವೇ ಭೂಮಿಯ ಹೋಳುಗಳು ಎಂದು ಅಂಚಿಗೆ ಅಂಚು ತಿಕ್ಕಿ ತೋರಿಸಿ, ಗಂಟೆ ಹೊಡೆದ ಮೇಲೆ ಆ ಎರಡೂ ಹೋಳುಗಳನ್ನು ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆ. ಇದೊಂದೇ ಅರ್ಹತೆಯ ಮೇಲೆ, ನಾನು ರಿಟೈರ್ ಆಗುವ ಹೊತ್ತಿಗೆ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನವರು ಸೇರಿ ಕಟ್ಟಿಕೊಂಡ ವಿಪತ್ತು ತಯಾರಿ ತಂಡದಲ್ಲಿ ನನ್ನ ಹೆಸರು ಬಂತು.

ನಮ್ಮ ಸೀಮೆಗೂ ಭೂಕಂಪಕ್ಕೂ ಎಲ್ಲಿಯ ನೆಂಟಸ್ತಿಕೆ ಎಂದು ಮೊದಲ ಸಭೆಯಲ್ಲಿ ಎಲ್ಲರೂ ನಕ್ಕರು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ. ತರಬೇತಿ ಕೊಡಲು ಬಂದಿದ್ದ ಸವಿತಾ ಮೇಡಂ ಮಾತ್ರ ನಗಲಿಲ್ಲ. “ನೆಲಕ್ಕೆ ತಾಲ್ಲೂಕಿನ ಗಡಿ ಗೊತ್ತಿರಲ್ಲ ಸರ್. ದೊಡ್ಡ ಊರಿಂದ ಸಹಾಯ ಬರೋ ಹೊತ್ತಿಗೆ ಅರ್ಧ ದಿನ ಆಗಿರತ್ತೆ. ಮೊದಲು ಬರಬೇಕಾದವರು ಪಕ್ಕದ ಊರಿನವರೇ” ಎಂದರು. ಅಲ್ಲಿಗೆ ನಗು ನಿಂತು ಜಗಳ ಶುರುವಾಯಿತು. ಹೆಬ್ಬೆ ಕಡೆಯ ಬೆಟ್ಟದ ದಾರಿಯಲ್ಲಿ ಮಣ್ಣು ಕುಸಿದರೆ ಯಾರ ಜೆಸಿಬಿ ಬರಬೇಕು, ಕಡೂರಿನ ನೀರಿನ ಟ್ಯಾಂಕರ್ ಗಡಿ ದಾಟಲು ಯಾರನ್ನು ಕೇಳಬೇಕು ಎಂದೆಲ್ಲ. ಈಚೆಗಷ್ಟೇ ಬೇರೆ ತಾಲ್ಲೂಕಾಗಿದ್ದ ಅಜ್ಜಂಪುರದವರು ಹೊಸದಾಗಿ ಪಾಲು ತೆಗೆದುಕೊಂಡ ತಮ್ಮನ ಹಾಗೆ, ತಮ್ಮ ತಾಲ್ಲೂಕಿಗೆ ಸ್ಟ್ರೆಚರ್ ಕೂಡ ಪ್ರತ್ಯೇಕ ಇರಲಿ ಎಂದು ಪಟ್ಟು ಹಿಡಿದರು. ಮೂರು ಸಭೆ, ಲೆಕ್ಕವಿಲ್ಲದಷ್ಟು ಕಾಫಿ ಆದ ಮೇಲೆ ಒಂದೇ ಹಾಳೆಯ ಪಟ್ಟಿ ತಯಾರಾಯಿತು. ಜೆಸಿಬಿ ಇರುವವರು, ಟ್ರ್ಯಾಕ್ಟರ್ ಇರುವವರು, ನರ್ಸುಗಳು, ಹಗ್ಗ ಹಿಡಿದು ಬಾವಿಗಿಳಿಯಬಲ್ಲವರು, ಎಲ್ಲರ ಹೆಸರೂ ಅದರಲ್ಲಿತ್ತು. ಮೂರೂ ತಾಲ್ಲೂಕಿನ ಗೋಡೆಗಳ ಮೇಲೆ ಅದೇ ಹಾಳೆ. ನಾನು ಜೀವನದಲ್ಲಿ ಬರೆದ ಅಷ್ಟೂ ಹಾಳೆಗಳಲ್ಲಿ ಉಪಯೋಗಕ್ಕೆ ಬರಬಹುದಾದದ್ದು ಅದೊಂದೇ ಇರಬೇಕು.

ಇನ್ನು ಎಲ್ಲರೂ ಸೇರಿ ಒಂದು ಅಣಕು ಕವಾಯತು ಮಾಡಬೇಕಿತ್ತು. ರೈಲಿದೆ, ಸಮುದಾಯ ಭವನವಿದೆ, ಊಟ ಹಾಕುವ ಜನರಿದ್ದಾರೆ ಎಂದು ಶಿವನಿಯನ್ನು ಆರಿಸಿದೆವು. ಸುದ್ದಿ ಕೇಳಿದ್ದೇ ಅತ್ತೆ ಸೀರೆ ಬದಲಾಯಿಸಿದಳು.

“ಶಿವನಿಗಾ? ನಾನೂ ಬತ್ತೀನಿ ತಡಿ.”

“ಅಲ್ಲಿ ಭೂಕಂಪದ ತರಬೇತಿ ಅತ್ತೆ.”

“ಆಗ್ಲಿ. ಊಟ ಹಾಕ್ತಾರೋ ಇಲ್ವೋ?”

ಅವಳಿಗೆ ಪಂಕ್ತಿಯ ಊಟವೆಂದರೆ ಪ್ರಾಣ. ತಿನ್ನುವ ಆಸೆಗಲ್ಲ, ನಾಲ್ಕು ಜನರ ನಡುವೆ ಕೂರುವ ಆಸೆಗೆ. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಪಂಕ್ತಿಯಲ್ಲಿ ಕೂತವರು, ಆ ಪಂಕ್ತಿಯ ಹಿರಿಯರು ಏಳುವ ತನಕ ಏಳುವುದಿಲ್ಲ. ಮಠದ ದಾಸೋಹದಲ್ಲಿ ಚಿಕ್ಕಂದಿನಿಂದ ಕಂಡು ಕಂಡು ಮೈಗೂಡಿದ್ದು, ಯಾರೂ ಕೂತು ಕಲಿಸಿದ್ದಲ್ಲ. ನಿಮ್ಮ ಎಲೆ ಖಾಲಿಯಾಗಿ ಕೈ ಒಣಗಿದರೂ ಸುಮ್ಮನೆ ಕೂರಬೇಕು. ಅತ್ತೆಗೆ ಹಲ್ಲು ಕಡಿಮೆ, ಮಾತು ಜಾಸ್ತಿ. ಒಮ್ಮೆ ಅವಳು ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಬೀಗರ ಕಡೆಯ ಇಡೀ ದಿಬ್ಬಣಕ್ಕೆ ಶಿವನಿ ಸ್ಟೇಷನ್ನಿನಲ್ಲಿ ಗಾಡಿ ತಪ್ಪಿತ್ತು. ಮದುಮಗನೂ ಬೆಂಚಿನ ಮೇಲೆ ಪೇಟ ಬಿಚ್ಚಿಟ್ಟು ಕೂತಿದ್ದ. ಯಾರೂ ಅವಳನ್ನು ದೂರಲಿಲ್ಲ.

ಕವಾಯತು ಇದ್ದದ್ದು ಮೂರು ಗಂಟೆಗೆ. ಬೆಳಿಗ್ಗೆ ನಾನು ಮೈಕು ಹಿಡಿದು ಒಂದು ಗಂಟೆ ಉಪದೇಶ ಮಾಡಿದೆ. ನೆಲ ಅಲುಗುವಾಗ ಓಡಬೇಡಿ, ಗೋಡೆ ಕಿಟಕಿಗಳಿಂದ ಸರಿದು ತಲೆ ಮುಚ್ಚಿಕೊಂಡು ಮುದುರಿ ಕೂರಿ. ಅಲುಗಾಟ ನಿಂತ ಮೇಲೆ ಬಯಲಿಗೆ ಬನ್ನಿ. ಪಕ್ಕದವರನ್ನು ಬಿಟ್ಟು ಬರಬೇಡಿ. ಕೊನೆಯ ಮಾತನ್ನು ಎರಡು ಸಲ ಹೇಳಿದೆ. ಚಪ್ಪಾಳೆಯೂ ಬಿತ್ತು.

ಒಂದೂವರೆಗೆ ಎಲೆ ಹಾಕಿದರು. ನನ್ನ ಎಡಕ್ಕೆ ಅತ್ತೆ. ಸಾರನ್ನ ಮುಗಿಯುತ್ತ ಬಂದು ಇನ್ನೇನು ಪಾಯಸ ಬರುವ ಹೊತ್ತು. ಇದ್ದಕ್ಕಿದ್ದಂತೆ ಭವನದ ಹಿಂದಿನಿಂದ ಧಡಲ್ ಎಂದು ಎಂಥದೋ ಸದ್ದು. ನೆಲ ನಡುಗಿತು, ಕಿಟಕಿ ಗಾಜು ಗದಗದ ಎಂದಿತು, ಮೇಲಿನಿಂದ ಸುಣ್ಣದ ಪುಡಿ ಹಪ್ಪಳದ ಮೇಲೆ ಉದುರಿತು.

ಆಮೇಲೆ ನನಗೆ ನೆನಪಿರುವುದು, ನಾನು ಮೈದಾನದ ಹೊಂಗೆಮರದ ಕೆಳಗೆ ಬರಿಗಾಲಲ್ಲಿ ನಿಂತಿದ್ದೇನೆ, ಬಲಗೈಯ ಮುಷ್ಟಿಯಲ್ಲಿ ಸಾರನ್ನವಿದೆ. ಎಲೆಯಿಂದ ಮರದವರೆಗಿನ ದಾರಿ ಇವತ್ತಿಗೂ ನೆನಪಿಲ್ಲ. ತಿರುಗಿ ನೋಡಿದೆ. ನನ್ನ ಹಿಂದೆ ಒಬ್ಬರೂ ಬಂದಿರಲಿಲ್ಲ. ಬಾಗಿಲಿದ್ದದ್ದು ಎಡಕ್ಕೆ. ಅತ್ತೆ ಕೂತಿದ್ದದ್ದೂ ಎಡಕ್ಕೆ. ಅಂದರೆ ನಾನು ಅವಳನ್ನು ದಾಟಿಕೊಂಡೇ ಓಡಿ ಬಂದಿದ್ದೆ.

ಒಳಗೆ ಓಡಿದೆ. ಅರವತ್ತು ಜನ ಕೂತಲ್ಲೇ ಕೂತಿದ್ದರು. ಯಾರೂ ತಲೆ ಮುಚ್ಚಿಕೊಂಡಿರಲಿಲ್ಲ, ಯಾರೂ ಎದ್ದಿರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು. ಅವಳು ಎರಡೂ ಅಂಗೈ ನೆಲಕ್ಕೆ ಊರಿ ಏಳಲು ಒದ್ದಾಡುತ್ತಿದ್ದಳು. ಮಂಡಿ ಕೇಳುತ್ತಿರಲಿಲ್ಲ.

ಭೂಕಂಪವೇನೂ ಆಗಿರಲಿಲ್ಲ. ಕಾಂಪೌಂಡು ಕಟ್ಟಲು ತಂದ ಸೈಜುಗಲ್ಲನ್ನು ಟಿಪ್ಪರಿನವನು ಭವನದ ಹಿಂದಿನ ಗೋಡೆಗೆ ಒತ್ತಿ ಒಂದೇ ಸಲಕ್ಕೆ ಸುರಿದಿದ್ದ. ವಿಷಯ ತಿಳಿದದ್ದೇ ಭವನಕ್ಕೆ ಭವನವೇ ಬಿದ್ದು ಬಿದ್ದು ನಕ್ಕಿತು. “ಮೇಷ್ಟ್ರೇ, ಮುಷ್ಟೀಲಿರೋದನ್ನ ಉಂಡ್ಬಿಡಿ, ಪಾಯಸ ಬಂತು” ಎಂದರು. ನಾನೂ ನಕ್ಕೆ. ಪಾಯಸ ಮಾತ್ರ ಬೇಡವೆಂದೆ. ಸವಿತಾ ಮೇಡಂ ತಮ್ಮ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡರು. ಅರವತ್ತು ಜನ ಏಳಲಿಲ್ಲ, ತರಬೇತಿ ಕೊಟ್ಟವರು ನಿಲ್ಲಲಿಲ್ಲ.

ಸಂಜೆ ರೈಲಿನಲ್ಲಿ ನಾನು ಕಿಟಕಿಯಿಂದಾಚೆ ನೋಡುತ್ತ ಕೂತಿದ್ದೆ. ಅತ್ತೆ ಮೊಣಕೈಯಿಂದ ತಿವಿದಳು. “ನಾಚ್ಕೊಬೇಡ ಕಣೋ. ನೀನೊಬ್ನಾದ್ರೂ ಉಳ್ಕತಿದ್ದೆ ಅಂತ ನಂಗೆ ಸಮಾಧಾನವೇ ಆಯ್ತು.” ಕೊಂಕಿಗೆ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿ ಹಾಗೇ ಅಂದುಕೊಂಡಿದ್ದಳು. ನನಗೆ ಅಳು ಬಂತು. ಕಣ್ಣಿಗೆ ಏನೋ ಬಿತ್ತು ಎಂದು ರೈಲಿನ ಮೇಲೆ ಹಾಕಿದೆ. ಅವಳೇ ಮತ್ತೆ ಹೇಳಿದಳು. “ತಪ್ಪು ನಂದು. ನನ್ ಮಂಡಿಗೋಸ್ಕರ ಅಷ್ಟೂ ಜನ ಕೂತ್ಬಿಟ್ರಲ್ಲ. ಇನ್ಮೇಲೆ ನಾನು ಪಂಕ್ತೀಲಿ ಕೂರಲ್ಲ.”

ಆಡಿದ ಹಾಗೆಯೇ ನಡೆದುಕೊಂಡಳು. ಮದುವೆಗೆ ಕರೆದರೆ ಮೈ ಸರಿಯಿಲ್ಲ, ಮಠಕ್ಕೆ ಕರೆದರೆ ಬಿಸಿಲು. ಮನೆಯಲ್ಲಿ ಒಬ್ಬಳೇ ತಟ್ಟೆ ಹಿಡಿದು, ಮಾತಿಲ್ಲದೆ ಐದೇ ನಿಮಿಷದಲ್ಲಿ ಉಂಡು ಏಳುತ್ತಿದ್ದಳು. ಅವಳು ಬೇಗ ಉಣ್ಣುವುದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಸವಿತಾ ಮೇಡಂ, ಹಿರಿಯರಿಗಾಗಿ ಕಾಯಬಾರದು ಎಂದು ಊಟದ ಮನೆಗಳಲ್ಲಿ ಬೋರ್ಡು ಹಾಕಿಸೋಣ ಎಂದರು. ಕಡೂರು, ತರೀಕೆರೆ, ಅಜ್ಜಂಪುರದವರು ಮೊಟ್ಟಮೊದಲ ಬಾರಿಗೆ ಒಂದೇ ದನಿಯಲ್ಲಿ ಮಾತಾಡಿದರು. ಆಗಲ್ಲ ಎಂದರು. ಮೇಡಂ ತಲೆ ಚಚ್ಚಿಕೊಂಡು, ಆ ಅಜ್ಜಿಯನ್ನೇ ಕೇಳುತ್ತೇನೆ ಎಂದು ನಮ್ಮ ಮನೆಗೆ ಬಂದರು. ಕಾಫಿ ಬಾಯಿಗಿಡುವಷ್ಟರಲ್ಲಿ ಗೂಡ್ಸ್ ಬಂತು. ಲೋಟಗಳು ಗಿಣಿಗಿಣಿ ಎಂದವು. ಮೇಡಂ ಮೇಜಿನ ಕೆಳಗೆ ಅರ್ಧ ಹೋಗಿಬಿಟ್ಟಿದ್ದರು. ಅತ್ತೆ ಅಡಿಕೆ ಕತ್ತರಿಸುತ್ತಲೇ, “ಇದು ಮೈಸೂರಿಂದ ಬರೋದು ಕಣವ್ವ, ಹೆದ್ರಬೇಡ” ಎಂದಳು. ಆ ನಗುವಿನಲ್ಲಿ ಇಬ್ಬರೂ ಸ್ನೇಹಿತರಾದರು.

“ಅಜ್ಜಿ, ನೀವು ಏಳೋ ತನಕ ಜನ ಏಳಲ್ವಂತೆ. ಏನು ಮಾಡೋಣ ಹೇಳಿ” ಎಂದು ಮೇಡಂ ಕೇಳಿದರು.

“ಅವ್ರು ಕಾಯೋದು ಬಿಡಲ್ಲ ಕಣವ್ವ. ಅದನ್ನ ಬಿಡ್ಸಕ್ಕೆ ಹೋಗ್ಬೇಡ. ನಾನು ಬೇಗ ಏಳಂಗೆ ಮಾಡು, ಸಾಕು.”

ನೋಡಿ, ಮೂರು ತಾಲ್ಲೂಕಿನ ಬುದ್ಧಿವಂತರಿಗೆ ಹೊಳೆಯದಿದ್ದದ್ದು ಇದು. ಅಂದಿನಿಂದ ನಮ್ಮ ಹಾಳೆಗೆ ಹೊಸದೊಂದು ಸಾಲು ಸೇರಿತು. ಪಂಕ್ತಿಯ ಹಿರಿಯರ ಎಲೆ ಬಾಗಿಲ ಪಕ್ಕದಲ್ಲೇ. ಕೂರಲು ನೆಲವಲ್ಲ, ಸ್ಟೂಲು. ಮಗ್ಗುಲಿಗೆ ಗಟ್ಟಿಮುಟ್ಟಾದ ಒಬ್ಬರು. ಸೀಟಿ ಹಿರಿಯರ ಕೊರಳಲ್ಲೇ ಇರಬೇಕು. ಅಲುಗಾಟ ನಿಂತೊಡನೆ ಅವರು ಊದಿ ಎದ್ದರೆ, ಉಳಿದವರು ತಂತಾವೇ ಏಳುತ್ತಾರೆ, ಇನ್ನೊಂದು ಮಾತು ಬೇಡ.

ಅತ್ತೆ ಮನೆಯಲ್ಲಿ ಅಭ್ಯಾಸ ಶುರು ಮಾಡಿದಳು. ದಿನಕ್ಕೆ ಹತ್ತು ಸಲ ಸೀಟಿ ಊದಿ, ನನ್ನ ಹೆಗಲು ಹಿಡಿದು ಏಳುವುದು. ನಮ್ಮ ಮನೆಯಲ್ಲಿ ಯಾವಾಗಲೂ ಕುಕ್ಕರ್ ಕೂಗುತ್ತಿರುತ್ತದೆ ಎಂದು ಪಕ್ಕದ ಮನೆಯವರಿಗೆ ಅನುಮಾನ. ಎರಡನೆಯ ಕವಾಯತು ಅಜ್ಜಂಪುರದಲ್ಲಾಯಿತು. ಆ ದಿನ ಅವಳು ತಿಂಗಳುಗಟ್ಟಲೆ ಬಿಟ್ಟಿದ್ದ ಪಂಕ್ತಿಯಲ್ಲಿ ಮತ್ತೆ ಕೂತಳು, ಬಲಕ್ಕೆ ನಾನು. ಸೀಟಿ ಊದಿದಳು, ನನ್ನ ಹೆಗಲಿಗೆ ಕೈ ಹಾಕಿ ಒಂದೇ ಏಟಿಗೆ ಎದ್ದಳು. ಹಿಂದೆ ಇಡೀ ಸಾಲು ಎದ್ದಿತು. ಹೊರಗೆ ಬಂದು ನಿಂತಾಗ ಅವಳ ಎಡಗೈಯಲ್ಲಿ ಇನ್ನೂ ಅರ್ಧ ಹಪ್ಪಳ. “ಎಲ್ರೂ ಬಂದ್ರೇನೋ?” ಎಂದಳು. ಎಲ್ಲರೂ ಬಂದಿದ್ದರು. ಹಪ್ಪಳ ಬಾಯಿಗೆ ಹಾಕಿಕೊಂಡಳು.

ಅವಳು ಹೋಗಿ ಎರಡು ವರ್ಷವಾಯಿತು. ಹೋದದ್ದು ಹಾಸಿಗೆಯಲ್ಲೇ, ನೆಮ್ಮದಿಯಾಗಿ.

ನಿನ್ನೆ ಮತ್ತೆ ಶಿವನಿಯಲ್ಲಿ ಕವಾಯತು. ಸುಮ್ಮನೆ ಇರಲಿ ಎಂದು ಆ ಸೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಊಟಕ್ಕೆ ಕರೆದಾಗ ಎಂದಿನ ಹಾಗೆ ಸಾಲಿನ ನಡುವೆ, ಗಾಳಿ ಬರುವ ಕಡೆ ಜಾಗ ಹಿಡಿದೆ. ತಮ್ಮನ ಮಗಳು ರೇಖಾ ಬಂದು ಕೈ ಹಿಡಿದಳು.

“ದೊಡ್ಡಪ್ಪ, ನಿಮ್ಮೆಲೆ ಅಲ್ಲಿ.”

ಬಾಗಿಲ ಪಕ್ಕ ಸ್ಟೂಲು ಹಾಕಿತ್ತು. “ಅದು ಹಿರೀಕರ ಜಾಗ ಕಣಮ್ಮ” ಎಂದೆ.

“ಅದಕ್ಕೇ ಕರೀತಿರೋದು, ಬನ್ನಿ.”

ಸಾಲಿನ ಉದ್ದಕ್ಕೂ ಕಣ್ಣಾಡಿಸಿದೆ. ನನಗಿಂತ ಹಿರಿಯರು ಒಬ್ಬರಾದರೂ ಸಿಗಲಿ ಎಂದು ಆಸೆಯಿಂದ ಹುಡುಕಿದೆ. ಸಿಗಲಿಲ್ಲ. ಇದು ಯಾವಾಗ ಆಯಿತೋ ನನಗೆ ಗೊತ್ತೇ ಆಗಿರಲಿಲ್ಲ. ಹೋಗಿ ಕೂತೆ. ಸೀಟಿ ಕೊರಳಿಗೆ ಹಾಕಿಕೊಂಡೆ. ನಾನು ತುತ್ತೆತ್ತಿದರೆ ಇಡೀ ಸಾಲು ನನ್ನ ಕೈ ನೋಡುವ ಹಾಗೆ ಅನ್ನಿಸಿ ಅನ್ನ ಸಪ್ಪೆಯಾಯಿತು. ಅತ್ತೆ ಅಷ್ಟು ವರ್ಷ ಇದನ್ನೆಲ್ಲ ಹೊತ್ತುಕೊಂಡೇ ಅಷ್ಟು ನಿಧಾನವಾಗಿ, ಅಷ್ಟು ಖುಷಿಯಾಗಿ ಹೇಗೆ ಉಂಡಳೋ.

ಮಜ್ಜಿಗೆ ಬರುವ ಹೊತ್ತಿಗೆ ಸವಿತಾ ಮೇಡಂ ಅಡುಗೆಮನೆಯಲ್ಲಿ ಹರಿವಾಣ ಬಡಿದರು. ಅದು ನೆಲ ಅಲುಗಿದ ಸೂಚನೆ. ಎಲ್ಲರೂ ತಲೆ ಮುಚ್ಚಿಕೊಂಡು ಮುದುರಿದರು. ಸದ್ದು ನಿಂತಿತು. ಸೀಟಿ ಊದಿದೆ. ಬುಸ್ ಎಂದಿತು. ಒಳಗೆ ಅತ್ತೆಯ ಸುಣ್ಣ ಗಟ್ಟಿಕೊಂಡಿತ್ತು. ಎಲೆಯ ಮೇಲೆ ಕೊಡವಿ ಮತ್ತೆ ಊದಿದೆ. ಈ ಸಲ ಭವನವೆಲ್ಲ ಕೇಳಿತು. ರೇಖಾಳ ಹೆಗಲು ಹಿಡಿದು ಎದ್ದೆ. ಮಂಡಿ ಲಟಕ್ಕೆಂದಿತು. ಹಿಂದೆ ಇಡೀ ಸಾಲು ಎದ್ದ ಸದ್ದಾಯಿತು.

ಎರಡು ಹೆಜ್ಜೆ ಇಟ್ಟಿದ್ದರೆ ಬಯಲು. ರೇಖಾಳನ್ನು ಮುಂದೆ ಕಳಿಸಿ ಬಾಗಿಲ ಬಳಿಯೇ ನಿಂತು, ದಾಟಿ ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡಿದೆ.

ಸವಿತಾ ಮೇಡಂ ಪುಸ್ತಕ ಹಿಡಿದು ಬಂದರು. “ಮೇಷ್ಟ್ರೇ, ಬಾಗಿಲಲ್ಲಿ ನಿಲ್ಲಬೇಡಿ, ದಾರಿ ಕಟ್ಟತ್ತೆ. ಹಿರಿಯರು ಮೊದಲು ಹೋಗಬೇಕು ಅಂತ ನೀವೇ ಬರೆದಿದ್ದಲ್ವಾ?”

“ನಾನು ಮೊದಲು ಹೋಗಿದ್ದಾಯ್ತು ಮೇಡಂ, ಒಂದ್ಸಲ.”

ಅವರು ಏನೂ ಬರೆದುಕೊಳ್ಳಲಿಲ್ಲ. ನಾನು ಗೋಡೆಗೆ ಒತ್ತಿ ದಾರಿ ಬಿಟ್ಟು ನಿಂತೆ. ಕೊನೆಯವರು ದಾಟಿದ ಮೇಲೆ ಒಳಗೆ ಇನ್ನೊಮ್ಮೆ ನೋಡಿದೆ. ಬರೀ ಎಲೆಗಳಿದ್ದವು. ಆಮೇಲೆ ಹೊರಗೆ ಬಂದೆ.